ತಳ್ಳುವ ಪಾದ

ವತ್ಸಲಾಬಾಯಿಯವರಿಗೆ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹಳೆಯ ಕೃತಕ ಪಾದವನ್ನೇ ಉಳಿಸಿಕೊಳ್ಳುವುದೋ, ನಮ್ಮ ಕಂಪನಿಯ ಮೋಟಾರಿನ ಪಾದ ತೆಗೆದುಕೊಳ್ಳುವುದೋ ಎಂದು ಅವರು ಅಂದು ತೀರ್ಮಾನಿಸಬೇಕಿತ್ತು. ಹಳೆಯದು ಭಾರ ಹೊರುತ್ತದೆ, ಅಷ್ಟೇ. ನಮ್ಮದು ಪ್ರತಿ ಹೆಜ್ಜೆಗೂ ಹಿಂದಿನಿಂದ ತಳ್ಳುತ್ತದೆ. ನಾರಾಯಣಗೂಡದ ಅವರ ಮನೆಗೆ ಹೋಗಿ ಅದನ್ನು ಜೋಡಿಸಿದೆ.

ನಡೆದು ನೋಡಲು ಪಾರ್ಕಿಗೆ ಹೊರಟಾಗ ಅವರ ಗಂಡ, ರಾಯರು, ಜೊತೆಗೆ ಬಂದರು. "ಇಕಿ ಸಲುವಾಗಿ ನಾನೂ ಸಾವಕಾಶ ನಡೀತೀನಿ ತಮ್ಮಾ. ಇಲ್ಲಾಂದ್ರ ನನ್ನ ನಡಿಗಿ ನೀ ನೋಡಬೇಕಿತ್ತು."

"ಕಾಲು ಹೋದಾಗಿಂದ ಇದನ್ನ ಕೇಳಾಕತ್ತೀನಿ," ಎಂದು ವತ್ಸಲಾಬಾಯಿ ನಕ್ಕರು.

ಪಾದ ಸಣ್ಣಗೆ ಗುಂಯ್‌ಗುಟ್ಟಿತು. ನೋಡುತ್ತಿದ್ದಂತೆ ಅವರು ಬೇವಿನ ಮರ ದಾಟಿಬಿಟ್ಟರು. ರಾಯರು ತುಂಬ ಹಿಂದೆ, ಮೊಣಕಾಲು ನೀವಿಕೊಳ್ಳುತ್ತಾ ಬೆಂಚಿಗೆ ಒರಗಿ ನಿಂತಿದ್ದರು.

ವತ್ಸಲಾಬಾಯಿ ತಿರುಗಿ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಇದರ ಜೋರು ಕಮ್ಮಿ ಮಾಡಾಕ ಬರತೈತೇನಪಾ?"

"ಬರತೈತ್ರಿ, ಫೋನಿನಾಗ ಮಾಡಬಹುದು. ಆದ್ರ ನಡಿಗಿ ಮೊದಲಿನಷ್ಟ ನಿಧಾನ ಆಗತೈತಿ."

"ಅಷ್ಟ ಸಾಕು. ಇದನ್ನ ಇಟ್ಕೋತೀನಿ. ಮಾರ್ಕೆಟ್ಟಿಗೆ ಒಬ್ಬಾಕಿನ ಹೋಗುಮುಂದ ಜೋರು ಮಾಡ್ಕೋತೀನಿ. ಅವರ ಮುಂದ ಹೇಳಬ್ಯಾಡ."

ಕಡಿಮೆ ಮಾಡಿದೆ. ರಾಯರು ಏದುಸಿರು ಬಿಡುತ್ತಾ ಬಂದು ಹೆಂಡತಿಯ ಕೈ ಹಿಡಿದರು. "ನೋಡಿದಿ? ಮಷಿನ್ ಹಾಕಿದ್ರೂ ದಣಿದು ನಿಂತಾಳ."

"ಹೌದ್ರಿ, ಭಾಳ ದಣಿವಾತು," ಎಂದರು ವತ್ಸಲಾಬಾಯಿ.

ಪಾದಕ್ಕೆ ಇನ್ನಷ್ಟು ಬಲ ತುಂಬುವುದು ಹೇಗೆಂದು ಮಾದಾಪುರದ ನಮ್ಮ ಆಫೀಸಿನಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ನಾನು ಮಾತ್ರ, ಬಲ ಕಡಿಮೆ ಮಾಡುವ ಗುಂಡಿಯನ್ನು ಆ್ಯಪಿನ ಮೊದಲ ಪರದೆಗೆ ತಂದಿಟ್ಟಿದ್ದೇನೆ.