ಕಣ್ಣಿನಿಂದ ಸುದ್ದಿ ಬಾರದಿದ್ದರೆ

ನಾನು ನಿಂತಿದ್ದದ್ದು ಕ್ಯಾತನಹಳ್ಳಿಯ ಒಂದು ಆಲೆಮನೆಯಲ್ಲಿ, ಗಾಣದ ಎಡಗಡೆ, ಕಬ್ಬಿನ ಹೊರೆಗೆ ಒರಗಿ. ಬೆಳಗಿನ ಮೊದಲ ಪಾಕ ಇಳಿಸಿಯಾಗಿತ್ತು. ಮೇಷ್ಟ್ರು ಗಾಣದ ಆಚೆಗೆ ನಿಂತು, ಬಲಗೈ ಬೆರಳಿಗೆ ಮೆತ್ತಿದ ರಸವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಆಗ ಐದೂ ಬೆರಳಿದ್ದವು.

ಪಾಂಡವಪುರದಲ್ಲಿ ನನಗೆ ಕಂಪ್ಯೂಟರಿನ ಸಿ ಭಾಷೆ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಆಲೆಮನೆಗಳಿಗೆ ಒಂದು ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಗಾಣದ ಬಾಯಲ್ಲಿ ಸೆನ್ಸರು. ಜನ ಅದನ್ನು ಕಣ್ಣು ಎನ್ನುತ್ತಿದ್ದರು. ಕೈ ಹತ್ತಿರ ಬಂದರೆ ಮೋಟಾರು ನಿಲ್ಲಬೇಕು. ಕಣ್ಣು ಕಳಿಸಿದ ಸುದ್ದಿ ಎಲ್ಲಿದೆಯೆಂಬ ವಿಳಾಸ ಪ್ರೋಗ್ರಾಮಿನ ಪಾಯಿಂಟರಿನಲ್ಲಿರುತ್ತದೆ. ಸುದ್ದಿ ಬಾರದಿದ್ದರೆ ಪಾಯಿಂಟರು ನಲ್, ಅಂದರೆ ಖಾಲಿ. ಖಾಲಿ ವಿಳಾಸ ತೆರೆಯಲು ಹೋದರೆ ಪ್ರೋಗ್ರಾಮು ಅಲ್ಲೇ ಬೀಳುತ್ತದೆ. "ಮೊದ್ಲು ನಲ್ ಜೊತೆ ಹೋಲಿಸು ಕಣ್ಲಾ. ನಲ್ ಆದ್ರೆ ದಾಟ್ಕೊಂಡ್ ಓಗು," ಎಂದು ತರಗತಿಯಲ್ಲಿ ಹೇಳಿ ಹೇಳಿ ದಣಿದಿದ್ದರು. ಪೆಟ್ಟಿಗೆಯಲ್ಲೂ ಹಾಗೇ ಬರೆದಿದ್ದರು.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹೆಂಗಸು ರೇಗಿಸಿದಳು: "ಏನ್ ಮೇಷ್ಟ್ರೇ, ನಿಮ್ ಕಣ್ಣು ಕಬ್ಬ ನೋಡ್ತದೋ, ನನ್ನ ನೋಡ್ತದೋ?"

"ನಿನ್ ಬಳೆ ಕಂಡ್ರೂ ನಿಂತ್ಬುಡ್ತದೆ ಕಣವ್ವ."

ಪೆಟ್ಟಿಗೆಯ ಕಣ್ಣಿನ ಮೇಲೆ ರಸ, ಸಿಪ್ಪೆಯ ಪುಡಿ ಕಟ್ಟಿಕೊಂಡು ಸುದ್ದಿ ನಿಂತಿತ್ತು. ಯಾರೂ ಗಮನಿಸಲಿಲ್ಲ. ಅವಳ ಸೆರಗು ಕಬ್ಬಿನ ಜೊತೆ ರೋಲರಿಗೆ ಸಿಕ್ಕಿತು; ಬಿಡಿಸಿಕೊಳ್ಳಲು ಕೈ ಹಾಕಿದಳು. ಗಾಣ ನಿಲ್ಲಲಿಲ್ಲ. ಮೇಷ್ಟ್ರು ಕೈ ನುಗ್ಗಿಸಿ ಅವಳ ಕೈಯನ್ನು ಹೊರಗೆ ತಳ್ಳಿದರು. ಆಲೆಮನೆಯ ಯಜಮಾನರು ಓಡಿಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ಮೇಷ್ಟ್ರ ಎರಡು ಬೆರಳು ಹೋಗಿದ್ದವು.

ಆಸ್ಪತ್ರೆಯಿಂದ ಬಂದವರೇ ಮೇಷ್ಟ್ರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಬಹಳ ಹೊತ್ತು ಪರದೆ ನೋಡಿದರು.

"ಹೋಲಿಕೆ ಸರಿಯಾಗೇ ಅದೆ. ನಲ್ ಹೌದಾ ಅಂತ ಕೇಳೀವ್ನಿ. ಕೇಳಿ ದಾಟ್ಬುಟ್ಟಿವ್ನಿ, ಗಾಣ ಓಡ್ತಾನೇ ಅದೆ. ನಲ್ ಅಂದ್ರೆ ಅಲ್ಲಿ ಕೈ ಇಲ್ಲ ಅಂತಲ್ಲ ಕಣ್ಲಾ. ನಮಗೆ ಗೊತ್ತಿಲ್ಲ ಅಂತ. ಗೊತ್ತಿಲ್ದಿದ್ರೆ ನಿಲ್ಲಿಸ್ಬೇಕಿತ್ತು."

ಅವರು ಹೇಳಿದಂತೆ, ನಲ್ ಬಂದರೆ ಮೋಟಾರು ನಿಲ್ಲುವ ಹಾಗೆ ಆ ಸಾಲು ಬದಲಿಸಿದೆ. ಆಮೇಲೆ ಪಾಂಡವಪುರ, ಕೆ.ಆರ್. ಪೇಟೆ ಸುತ್ತಿನ ಆಲೆಮನೆಗಳಿಗೆಲ್ಲ ಬಸ್ಸಿನಲ್ಲಿ ಅಲೆದೆವು. ಎಲ್ಲ ಕಡೆಯೂ ಅವರು ಕೈ ತೋರಿಸಿ ತಪ್ಪು ತಮ್ಮದೆಂದು ಹೇಳಿದರು. ಹಿಂದೆಯೇ ದೂರು ಬಂತು: "ಈಗ ಸುಮ್‌ಸುಮ್ನೆ ನಿಂತೋಯ್ತದಲ್ಲ ಮೇಷ್ಟ್ರೇ!"

"ನಿಲ್ಲಲಿ ಬುಡಿ. ಕಣ್ಣು ಒರೆಸಿ ಓಡ್ಸಿ."

ನಾನು ಇಂದಿಗೂ ಪ್ರೋಗ್ರಾಮು ಬರೆಯುವ ಕೆಲಸವನ್ನೇ ಮಾಡುತ್ತೇನೆ. ನಲ್ ಬಂದಲ್ಲೆಲ್ಲ ಬರೆಯುವ ಕೈ ಒಂದು ಗಳಿಗೆ ನಿಲ್ಲುತ್ತದೆ.

ಆವತ್ತು ಕಂಡವರಲ್ಲಿ ಯಜಮಾನರು ಈಗಿಲ್ಲ. ಮೇಷ್ಟ್ರು ಈ ಆಷಾಢದಲ್ಲಿ ಹೋದರು. ಉಳಿದಿರುವುದು ನಾನು, ಮತ್ತು ಅರಕೆರೆಯ ಮಗಳ ಮನೆಯಲ್ಲಿರುವ ಆ ಹೆಂಗಸು. ಮೇಷ್ಟ್ರ ಮಣ್ಣಿಗೆ ಬಂದಿದ್ದಳು. ಎರಡೂ ಕೈ ತುಂಬ ಮಣ್ಣು ಹಾಕಿದಳು.