ಬೇಡಕ್ಕ ಜೋಡಿಸಿದ ಕಂಪ್ಯೂಟರ್

ಕಂಪ್ಯೂಟರ್ ಬಿಡಿಭಾಗಗಳ ಆ ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಜೋಡಣೆಯ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ಬೇಡಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿ ಏನೇ ಆರಿಸಲಿ, ಅವಳ ಬಾಯಿಂದ ಮೊದಲು ಬರುತ್ತಿದ್ದುದು ಅದೇ ಮಾತು. 'ಈ ಮೆಮೊರಿ ಆ ಬೋರ್ಡಿಗೆ ಕೂರಲ್ಲ, ಬೇಡ.' ಅಂಗಡಿ ಅವಳ ಸೋದರಮಾವನದು. ಅವನು ಮಾರಲು ಕೂತವನು, ಇವಳು ತಡೆಯಲು ನಿಂತವಳು. ಎಣ್ಣೆ ಸೀಗೆಕಾಯಿ ಸಂಬಂಧ.

ಆ ಶನಿವಾರ ಮಧ್ಯಾಹ್ನ ಐವತ್ತು ದಾಟಿದ ನರ್ಸೊಬ್ಬಳು ಬಂದಳು. ಆಟವಾಡುವ ಕಂಪ್ಯೂಟರ್ ಬೇಕೆಂದಳು.

'ಮಗನಿಗಾ?' ಎಂದ ಮಾವ.

'ನನಗೇ. ದೂರದ ಊರಲ್ಲಿರೋ ತಂಗಿ ಜೊತೆ ಕಾರ್ ರೇಸ್ ಆಡ್ತೀನಿ. ನಿನ್ನೆ ನನ್ನ ಹಳೇದು ಸತ್ತೇ ಹೋಯ್ತು. ನಾಳೆ ಅವಳ ಕೈಗೆ ಆಪರೇಷನ್, ಆಮೇಲೆ ಎರಡು ತಿಂಗಳು ಆಡೋ ಹಾಗಿಲ್ಲ. ಇವತ್ತು ಎಂಟಕ್ಕೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ.'

ಮಾವ ಕಪಾಟಿನಿಂದ ಮೊಳದುದ್ದದ ಗ್ರಾಫಿಕ್ಸ್ ಕಾರ್ಡ್ ಇಳಿಸಿದ. 'ಬೇಡ,' ಎಂದಳು ಬೇಡಕ್ಕ. 'ಇದರ ಹಸಿವಿಗೆ ಪವರ್ ಸಪ್ಲೈ ಸಾಲಲ್ಲ, ಕ್ಯಾಬಿನೆಟ್ಟಲ್ಲಿ ಜಾಗಾನೂ ಇಲ್ಲ.' ಮಧ್ಯಮ ದರ್ಜೆಯ ಕಾರ್ಡ್, ಅದಕ್ಕೆ ಹೊಂದುವ ಪ್ರೊಸೆಸರ್, ಅದು ಕೂರುವ ಬೋರ್ಡು, ಎಲ್ಲವನ್ನೂ ಸುಸ್ತಾಗದೆ ಸಾಕಬಲ್ಲ ಪವರ್ ಸಪ್ಲೈ ಅವಳೇ ಆರಿಸಿದಳು. ಟೇಪು ಹಿಡಿದು ಅಳೆದಳು; ಕಾರ್ಡಿನ ಮುಂದೆ ಎರಡು ಬೆರಳು ಜಾಗ ಉಳಿಯುತ್ತಿತ್ತು. ನಾಲ್ಕು ಗಂಟೆಗೆ ಜೋಡಣೆ ಮುಗಿಸಿ ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಮೆಮೊರಿ ಬದಲಿಸಿದಳು, ಕಾರ್ಡ್ ತೆಗೆದು ಮತ್ತೆ ಕೂರಿಸಿದಳು. ಮಿಸುಕಲಿಲ್ಲ.

'ಎಲ್ಲದಕ್ಕೂ ಬೇಡ ಬೇಡ ಅಂದೆಯಲ್ಲ, ಈಗೇನು ಬೇಕು ಹೇಳಮ್ಮ?' ಎಂದ ಮಾವ. 'ಇವತ್ತು ಇದು ಓಡಲಿಲ್ಲ ಅಂದ್ರೆ, ಸೋಮವಾರದಿಂದ ನಾನು ಕೊಟ್ಟಿದ್ದನ್ನ ಬಾಯ್ಮುಚ್ಚಿಕೊಂಡು ಜೋಡಿಸ್ಬೇಕು.'

ಬೇಡಕ್ಕ ಕಸದ ಮೂಲೆಗೆ ಎಸೆದಿದ್ದ ಬೋರ್ಡಿನ ಡಬ್ಬಿಯನ್ನು ಎತ್ತಿ ನೋಡಿದಳು. ಬೋರ್ಡು ತಯಾರಾಗಿ ಮೂರು ವರ್ಷವಾಗಿತ್ತು. ಪ್ರೊಸೆಸರ್ ಹೋದ ವರ್ಷದ್ದು. ಅದು ಕೂರುವ ಜಾಗವೇನೋ ಸರಿಯಾಗಿತ್ತು, ಆದರೆ ಬೋರ್ಡಿನೊಳಗಿನ ಹಳೆಯ ತಂತ್ರಾಂಶಕ್ಕೆ ಹೊಸಬನ ಗುರುತೇ ಇರಲಿಲ್ಲ.

'ತಪ್ಪು ನಂದೇ,' ಎಂದಳು ನರ್ಸಿಗೆ. 'ತಾರೀಖು ನೋಡ್ಲಿಲ್ಲ. ಇದಕ್ಕೆ ಗೊತ್ತಿರೋ ಹಳೇ ಪ್ರೊಸೆಸರ್ ಹಾಕಿ ತಂತ್ರಾಂಶ ಬದಲಿಸಿದ್ರೆ ಸರಿಹೋಗುತ್ತೆ.'

ಅಂಥದ್ದೊಂದು ಇದ್ದದ್ದು ಮಾವನ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಮಾತ್ರ.

'ಅದಕ್ಕೆ ಕೈ ಹಚ್ಚಿದ್ರೆ ನೋಡು!'

'ಹಾಗಾದ್ರೆ ಎಲ್ಲಾ ವಾಪಸ್ ತಗೊಳ್ಳಿ,' ಎಂದಳು ನರ್ಸ್. ಮಾವ ಗೊಣಗುತ್ತಾ ಕುರ್ಚಿ ಬಿಟ್ಟೆದ್ದ.

ಬಿಲ್ಲಿಂಗ್ ಕಂಪ್ಯೂಟರಿನ ಪ್ರೊಸೆಸರಿಗೆ, ಅದನ್ನು ತಂಪಾಗಿಡುವ ಫ್ಯಾನಿನ ಬಿಲ್ಲೆ ಅಂಟಿಕೊಂಡುಬಿಟ್ಟಿತ್ತು. ಜಗ್ಗಿದರೆ ಕೂದಲೆಳೆಯಂಥ ಪಿನ್ನುಗಳು ಬಾಗುತ್ತವೆ. ಬೇಡಕ್ಕ ಉಸಿರು ಬಿಗಿಹಿಡಿದು ಅದರ ಅಂಚಿಗೆ ಬೆರಳಿಟ್ಟಳು. ನರ್ಸ್ ಟಾರ್ಚ್ ಹಿಡಿದು ಪಕ್ಕಕ್ಕೆ ಬಂದಳು. 'ಉಸಿರು ಬಿಡಮ್ಮ. ಮೊದಮೊದಲು ಸೂಜಿ ಚುಚ್ಚುವಾಗ ನಾನೂ ಹೀಗೇ ಬಿಗಿಹಿಡೀತಿದ್ದೆ.' ಬೇಡಕ್ಕ ಉಸಿರು ಬಿಟ್ಟು, ಮೆಲ್ಲಗೆ ಅತ್ತಿತ್ತ ತಿರುಚಿದಳು. ಬಿಟ್ಟುಕೊಂಡಿತು. ಒಂದು ಪಿನ್ನೂ ಬಾಗಿರಲಿಲ್ಲ.

ಆ ಹಳೇ ಪ್ರೊಸೆಸರನ್ನು ನರ್ಸಿನ ಕಂಪ್ಯೂಟರಿನ ಬೋರ್ಡಿಗೆ ಕೂರಿಸಿ, ಅದನ್ನು ಬಿಲ್ಲಿಂಗ್ ಮೇಜಿನ ಯುಪಿಎಸ್‌ಗೆ ಸಿಕ್ಕಿಸಿ ತಂತ್ರಾಂಶ ಬದಲಿಸಲು ಶುರುಮಾಡಿದಳು. ನಡುವೆ ಕರೆಂಟ್ ನಿಂತರೆ ಬೋರ್ಡು ಬರೀ ತಗಡು. ಶೇಕಡಾ ನಲವತ್ತು ಆಗಿತ್ತು, ಅಷ್ಟರಲ್ಲಿ ಇಡೀ ಬೀದಿಯ ದೀಪ ಆರಿತು. ಯುಪಿಎಸ್ ಕೀಂಕೀಂ ಎನ್ನತೊಡಗಿತು. ಅದರ ಬ್ಯಾಟರಿ ಮುದಿಯಾಗಿತ್ತು, ಎರಡು ನಿಮಿಷ ತಡೆದರೆ ಪುಣ್ಯ.

ಐವತ್ತೆರಡು. ಅರವತ್ತು. ಇದ್ದಕ್ಕಿದ್ದಂತೆ ಮಾವ ಮೇಜಿನಡಿ ನುಗ್ಗಿ ಪ್ರಿಂಟರಿನ ವೈರು ಕಿತ್ತ, ಫೋನಿನ ಚಾರ್ಜರ್ ಕಿತ್ತ. 'ಬ್ಯಾಟರಿ ಮೇಲಿನ ಭಾರ ಕಮ್ಮಿಯಾಗ್ಲಿ. ಎಷ್ಟಾಯ್ತೇ?' ಎಂದು ಅಲ್ಲಿಂದಲೇ ಕೂಗಿದ.

'ಎಂಬತ್ತೆಂಟು.'

ಕೀಂಕಾರ ಒಂದೇ ಸಮ ಆಯಿತು. ನೂರು ಮುಟ್ಟಿ, ಮುಗಿಯಿತೆಂಬ ಸಾಲು ಮೂಡಿದ ಮರುಕ್ಷಣ ಎಲ್ಲವೂ ಆರಿಹೋಯಿತು.

ಕರೆಂಟ್ ಬರುವಾಗ ಆರೂಮುಕ್ಕಾಲು. ಹೊಸ ಪ್ರೊಸೆಸರ್ ಕೂರಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ನರ್ಸ್ ಬೇಡಕ್ಕನ ಭುಜ ಹಿಡಿದು ಕುಲುಕಿಬಿಟ್ಟಳು. ಮೂವರೂ ಸೇರಿ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಹೊತ್ತರು.

ಬೇಡಕ್ಕ ಬಿಲ್ಲಿಂಗ್ ಕಂಪ್ಯೂಟರನ್ನು ಮರುಜೋಡಿಸುತ್ತಿದ್ದಾಗ ಫೋನ್ ಬಂತು. 'ಮೂರು ರೇಸಲ್ಲೂ ತಂಗೀನೇ ಗೆದ್ಲು,' ಎಂದಳು ನರ್ಸ್, ಸೋತವಳ ದನಿಯೇ ಅಲ್ಲ ಅದು. 'ಈಗ ನಾಲ್ಕನೇದು, ಇಡ್ತೀನಿ.'