ಮುಟ್ಟಿ ನೋಡದ ಕೈ

ಒಬ್ಬ ಆಯಾಳ ತಪ್ಪಿನಿಂದ ನನ್ನ ಮೊದಲ ನೌಕರಿ ಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ತಪ್ಪು ನನ್ನದು. ಆಯಾ ಆ ದಿನ ನನ್ನನ್ನು ಎಚ್ಚರಿಸಿದ್ದಳು — ಅದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅವಳ ಹೆಸರು ಹುಸೇನಬಿ. ಎಪ್ಪತ್ತರ ದಶಕದ ನಡುವೆ ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಆಗಷ್ಟೇ ತರಬೇತಿ ಮುಗಿಸಿ ಬಂದ ನರ್ಸು, ತಲೆಯ ಮೇಲಿನ ಬಿಳಿ ಟೋಪಿ ಜಾರದಂತೆ ನಡೆಯುವುದೇ ಒಂದು ವಿದ್ಯೆ ಎಂದುಕೊಂಡವಳು. ಹುಸೇನಬಿಗೆ ನನ್ನ ತಾಯಿಯ ವಯಸ್ಸು. ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವಳು ನನಗೆ ಸಿಸ್ಟರ್ ಎನ್ನುತ್ತಿದ್ದಳು.

ಪೆನ್ಸಿಲಿನ್ ಸೂಜಿ ಕೊಡುವ ಮೊದಲು ಅದು ಮೈಗೆ ಒಗ್ಗುತ್ತದೋ ಇಲ್ಲವೋ ನೋಡಬೇಕು. ಮುಂಗೈ ಚರ್ಮದ ಕೆಳಗೆ ಒಂದು ಹನಿ ಬಿಟ್ಟು, ಅರ್ಧ ತಾಸು ಕಾದು, ಕೆಂಪಾಯಿತೇ, ಉಬ್ಬಿತೇ ಎಂದು ಪರೀಕ್ಷಿಸಬೇಕು. ಆ ಮುಂಜಾನೆ ಕಲಾದಗಿಯಿಂದ ಯಲ್ಲವ್ವ ಎಂಬ ಹೆಣ್ಣುಮಗಳು ಕಾಲಿಗೆ ಮುಳ್ಳು ನೆಟ್ಟು ಕೀವಾಗಿ ಬಂದಿದ್ದಳು. ಅವಳ ಎರಡೂ ಮುಂಗೈಗಳ ಮೇಲೆ ಮಣಿಕಟ್ಟಿನಿಂದ ಮೊಣಕೈತನಕ ಹಸಿರು ಹಚ್ಚೆ, ಅಂಗೈಯಗಲ ಬರಿ ಚರ್ಮವಿರಲಿಲ್ಲ. ತೋಳಿಗೆ ಹಾಕೋಣವೆಂದರೆ ಬಿಗಿ ಕುಪ್ಪಸ. ಬಾಗಿಲಲ್ಲಿ ಗಂಡಸರು ನಿಂತಿದ್ದರು, ಗಂಟು ಬಿಚ್ಚಲು ಅವಳು ನಾಚಿಕೊಂಡಳು. ಪರದೆ ಎಳೆದಿದ್ದರೆ ಮುಗಿಯುತ್ತಿತ್ತು. ನಾನು ಎಳೆಯಲಿಲ್ಲ. ಹಚ್ಚೆಯ ಮೇಲೆಯೇ ಹನಿ ಬಿಟ್ಟೆ.

ಅವಳ ಗಂಡ ಬಸ್ಸು ತಪ್ಪುತ್ತದೆಂದು ಎರಡು ಸಲ ಬಂದು ಹೋದ. ಅರ್ಧ ತಾಸು ಆಗಿರಲಿಲ್ಲ — ಆಗಿತ್ತು ಎಂದು ಆಮೇಲೆ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ, ಆದರೆ ಆಗಿರಲಿಲ್ಲ. ನಾನು ನಿಂತಲ್ಲಿಂದಲೇ ಅವಳ ಕೈ ನೋಡಿದೆ. ಹಸಿರು ಹಚ್ಚೆಯೊಳಗೆ ಕೆಂಪು ಎಲ್ಲಿ ಕಂಡೀತು? ರಿಜಿಸ್ಟರಿನಲ್ಲಿ ‘ಸರಿ ಇದೆ’ ಎಂದು ಬರೆದೆ. ಆಗ ನೆಲ ಒರೆಸುತ್ತಿದ್ದ ಹುಸೇನಬಿ ತಲೆ ಎತ್ತಿದಳು.

"ಸಿಸ್ಟರ್, ಒಂದೀಟು ಮುಟ್ಟಿ ನೋಡ್ರಿ. ಉಬ್ಬಿದಂಗ ಕಾಣತೈತಿ."

"ನರ್ಸ್ ನಾನೋ ನೀನೋ? ನಿನ್ನ ಕೆಲಸ ನೀ ನೋಡ್ಕೊ."

ಅವಳು ಮತ್ತೆ ನೆಲ ಒರೆಸತೊಡಗಿದಳು. ನಾನು ಸೂಜಿ ಕೊಟ್ಟೆ.

ಯಲ್ಲವ್ವ ಬಾಗಿಲತನಕವೂ ಹೋಗಲಿಲ್ಲ. ಬಿದ್ದಳು, ತುಟಿ ನೀಲಿಯಾಯಿತು, ಉಸಿರು ಶಿಳ್ಳೆಯಂತೆ ಬರತೊಡಗಿತು. ಡಾಕ್ಟರು ಓಡಿ ಬಂದು ಒಂದರ ಮೇಲೊಂದು ಔಷಧ ಕೊಟ್ಟರು. ಅಷ್ಟೂ ಹೊತ್ತು ಹುಸೇನಬಿ ಅವಳ ಪಕ್ಕ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಸಂಜೆ ಹೊತ್ತಿಗೆ ಯಲ್ಲವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಅವಳ ಗಂಡ ಬಂದು ನನಗೂ ಕೈಮುಗಿದ — ನಾನೂ ಉಳಿಸಿದವರಲ್ಲಿ ಒಬ್ಬಳು ಎಂದುಕೊಂಡು. ಆಗ ನನಗೆ ಏನೂ ಅನ್ನಿಸಲಿಲ್ಲ. ನಿಜ ಹೇಳುತ್ತೇನೆ, ಏನೂ ಅನ್ನಿಸಲಿಲ್ಲ.

ಮರುದಿನ ಡಾಕ್ಟರು ರಿಜಿಸ್ಟರಿನಲ್ಲಿ ನನ್ನ ಅಕ್ಷರ ತೋರಿಸಿ ನನ್ನನ್ನು ಕೆಲಸದಿಂದ ತೆಗೆದರು. ಹುಸೇನಬಿ ತಾನು ಹೇಳಿದ್ದರ ಬಗ್ಗೆ ಅವರ ಮುಂದೆ ಬಾಯಿ ಬಿಡಲಿಲ್ಲ. ನನಗೆ ಇನ್ನಷ್ಟು ಕೆಟ್ಟದಾಗುವುದು ಬೇಡವೆಂದೋ, ಆಯಾಳ ಮಾತು ಯಾರು ಕೇಳುತ್ತಾರೆಂದೋ — ಗೊತ್ತಿಲ್ಲ.

ಚೊಳಚಗುಡ್ಡದ ತವರುಮನೆಗೆ ಬಂದು ಕೂತೆ. ಬಾದಾಮಿಯ ದವಾಖಾನೆಯೊಂದರಲ್ಲಿ ಕೆಲಸ ಕೇಳಲು ಹೋದಾಗ ಆಯಾಳ ಎಚ್ಚರಿಕೆಯೊಂದನ್ನು ಬಿಟ್ಟು ಉಳಿದದ್ದನ್ನು ಇದ್ದಂತೆ ಹೇಳಿದೆ. ಅವರು ನನ್ನ ಕಾಗದಗಳನ್ನು ಮಡಚಿ ಕೈಗೆ ಕೊಟ್ಟರು. ಇನ್ನೊಂದು ಕಡೆ ಏನೂ ಹೇಳಲಿಲ್ಲ. ಎಂಟು ದಿನದಲ್ಲಿ ಅವರಿಗೆ ಬಾಗಲಕೋಟೆಯಿಂದ ಸುದ್ದಿ ಮುಟ್ಟಿತು. ಖರೆ ಹೇಳಿದರೂ ಇಲ್ಲ, ಮುಚ್ಚಿಟ್ಟರೂ ಇಲ್ಲ. ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಮೂರನೆಯ ದಾರಿ ಹುಡುಕಿದೆ.

"ಬಾಗಲಕೋಟಿ ಯಾಕ ಬಿಟ್ರಿ?" ಹುನಗುಂದದ ಡಾಕ್ಟರು ಕೇಳಿದರು.

"ಬಿಡಲಿಲ್ಲರಿ, ತೆಗದ್ರು. ಪೆನ್ಸಿಲಿನ್ ಟೆಸ್ಟ್ ನೋಡಿದಾಕಿ ಆಯಾ. ಏನೂ ಇಲ್ಲ ಅಂದ್ಲು, ನಾ ನಂಬಿದೆ."

"ಯಾವ ಆಯಾ?"

"ಹುಸೇನಬಿ ಅಂತರಿ."

ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಹೆಸರಿದ್ದರೆ ಸುಳ್ಳಿಗೆ ಕೈಕಾಲು ಬರುತ್ತದೆ. ತಪ್ಪನ್ನು ಮುಚ್ಚಿಡದೆ ಹೇಳಿದ ಹುಡುಗಿ ಎಂದು ಡಾಕ್ಟರು ಮೆಚ್ಚಿಕೊಂಡು ಕೆಲಸ ಕೊಟ್ಟರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಹುಸೇನಬಿ ಅದೇ ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡ ತೀರಿಹೋಗಿದ್ದ. ಇಳಕಲ್ಲಿಗೆ ಕೊಟ್ಟ ಮಗಳ ಮನೆ ಸೇರಿಕೊಂಡಿದ್ದಳು, ಅಳಿಯನ ಅನ್ನಕ್ಕೆ ಕೂರಲು ಮನಸ್ಸಿಲ್ಲದೆ ಕೆಲಸ ಕೇಳಲು ಬಂದಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು.

"ಸಿಸ್ಟರ್ ನನ್ನ ಬಲ್ಲರ್ರಿ, ಡಾಕ್ಟರ. ಅವರನ್ನ ಕೇಳ್ರಿ."

ಡಾಕ್ಟರು ಅವಳ ಹೆಸರು ಕೇಳಿದರು, ಹಿಂದೆ ಎಲ್ಲಿದ್ದಳೆಂದು ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ಅಕಿನ ಏನು ಇಕಿ?"

ನನ್ನ ಕೈಯಲ್ಲಿ ಅರಳೆ ಇತ್ತು. ಅದನ್ನು ಸುತ್ತುತ್ತಲೇ ಹೇಳಿದೆ — "ಹೂಂರಿ. ಇಕಿನ."

ಡಾಕ್ಟರು ಕೆಲಸವಿಲ್ಲ ಎಂದರು. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹೋಗುವಾಗ ನನ್ನ ಭುಜ ಮುಟ್ಟಿದಳು. "ನಿಮಗರ ನೌಕರಿ ಸಿಕ್ಕೈತಲ್ಲರಿ ಸಿಸ್ಟರ್, ಛಲೋ ಆತು. ಭಾಳ ಚಿಂತಿ ಇತ್ತು ನನಗ." ಅವಳು ರಸ್ತೆ ದಾಟುವುದನ್ನು ನಾನು ಕಿಟಕಿಯಿಂದ ನೋಡಿದೆ. ಕರೆಯಬಹುದಿತ್ತು. ಆ ಮಧ್ಯಾಹ್ನದ ಉಳಿದ ಸೂಜಿಗಳನ್ನೆಲ್ಲ ಕೊಟ್ಟು ಮುಗಿಸಿದೆ.

ಹೀಗೇ ಎಂಟು ವರ್ಷ ಕಳೆದವು. ಈಗ ಡಾಕ್ಟರಿಗೆ ವಯಸ್ಸಾಗಿದೆ, ದವಾಖಾನೆ ಮುಚ್ಚುತ್ತಿದ್ದಾರೆ. ನಾನು ಇಳಕಲ್ಲಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು. ಕಳೆದ ವಾರ ಅವರು ನನಗೊಂದು ಪ್ರಮಾಣಪತ್ರ ಬರೆಯಲು ಕೂತರು. ‘ಇವರು ಅತ್ಯಂತ ಪ್ರಾಮಾಣಿಕರು’ ಎಂದು ಬರೆದರು. ನಿಲ್ಲಿಸಿರಿ ಎಂದೆ. ಆಯಾ ಟೆಸ್ಟ್ ನೋಡಿರಲಿಲ್ಲ, ನಾನೇ ನೋಡಿದ್ದು, ನಾನು ನಿಮಗೆ ಹುಸೇನಬಿಯ ವಿಷಯದಲ್ಲಿ ಸುಳ್ಳು ಹೇಳಿದೆ ಎಂದೆ.

ಅವರು ಪೆನ್ನು ಎತ್ತಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಯಾವ ಹುಸೇನಬಿ?"

ಅವರಿಗೆ ನೆನಪಿರಲಿಲ್ಲ. ಅವಳನ್ನು ಬಾಗಿಲಿಂದ ಕಳಿಸಿದ ಆ ಮಧ್ಯಾಹ್ನ ಅವರ ಮಟ್ಟಿಗೆ ಇರಲೇ ಇಲ್ಲ. ಬಿಟ್ಟುಬಿಡಬಹುದಿತ್ತು, ಸುಮ್ಮನೆ ಪತ್ರ ತೆಗೆದುಕೊಂಡು ಬರಬಹುದಿತ್ತು. ನಾನು ಯಲ್ಲವ್ವನ ಹಚ್ಚೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಪೆನ್ನಿನ ಟೊಪ್ಪಿಗೆ ಹಾಕಿದರು. ಪತ್ರ ಅಲ್ಲಿಗೇ ನಿಂತಿತು.

ಹುಸೇನಬಿಯ ಮಗಳ ಮನೆ ಯಾವ ಓಣಿಯಲ್ಲಿದೆ ಎಂದು ವಿಚಾರಿಸಿಕೊಂಡಿದ್ದೇನೆ. ನೌಕರಿ ಸಿಗಲಿ ಬಿಡಲಿ, ಬರುವ ರವಿವಾರ ಹೋಗುತ್ತೇನೆ. ಅವಳು ಇದ್ದಾಳೋ ಇಲ್ಲವೋ, ಇದ್ದರೂ ಏನನ್ನುತ್ತಾಳೋ — ಅದನ್ನು ಯೋಚಿಸುವ ಹಕ್ಕು ನನಗಿಲ್ಲ.

ಅರ್ಜಿ ಇಲ್ಲೇ ಮೇಜಿನ ಮೇಲಿದೆ. ಮೊದಲ ಕೆಲಸ ಬಿಟ್ಟ ಕಾರಣ ಎಂಬಲ್ಲಿ ಎರಡೇ ಗೆರೆ ಜಾಗ. ಹೀಗೆ ಬರೆದಿದ್ದೇನೆ: ಮುಟ್ಟಿ ನೋಡಿರಿ ಎಂದು ಆಯಾ ಹುಸೇನಬಿ ಹೇಳಿದ್ದರು. ನಾನು ಮುಟ್ಟಲಿಲ್ಲ.